ವಸ್ತುಸಂಗ್ರಹಾಲಯಕ್ಕೆ ಅಳತೆಬದ್ಧ ಮಾದರಿ: ವಿದ್ಯಾರ್ಥಿ ತಂಡಗಳಿಗೊಂದು ಕೈಪಿಡಿ

ವಸ್ತುಸಂಗ್ರಹಾಲಯಕ್ಕಾಗಿ ಮಾದರಿ ಕಟ್ಟಲು ಹೊರಟ ವಿದ್ಯಾರ್ಥಿ ತಂಡಗಳು ಸಾಮಾನ್ಯವಾಗಿ ಮೊದಲ ಸಭೆಯಲ್ಲೇ ಫೋಮ್ ಬೋರ್ಡ್, ಅಂಟು, ಕಟ್ಟರ್‌ಗಳ ಪಟ್ಟಿ ಮಾಡಲು ಕೂರುತ್ತವೆ. ಆ ಪಟ್ಟಿಗೆ ಇನ್ನೂ ಸಮಯವಿದೆ. ಮೊದಲು ಬರೆಯಬೇಕಾದದ್ದು ಒಂದೇ ಒಂದು ವಾಕ್ಯ: ಈ ಮಾದರಿಯ ಮುಂದೆ ಒಂದು ನಿಮಿಷ ನಿಂತು ಹೋಗುವ ನೋಡುಗರಿಗೆ ಏನು ತಿಳಿದಿರಬೇಕು? ‘ಹಳೆಯ ಕೋಟೆಯ ಮಾದರಿ’ ಎಂಬುದು ವಿಷಯವಷ್ಟೆ. ‘ಕೋಟೆಯ ಬಾಗಿಲುಗಳು ಒಂದರ ಎದುರು ಒಂದಿರದೆ ತಿರುವುಗಳಲ್ಲಿ ಇದ್ದುದರಿಂದ, ಒಳನುಗ್ಗುವ ಸೈನ್ಯ ಪ್ರತಿ ತಿರುವಿನಲ್ಲೂ ಗೋಡೆಯ ಮೇಲಿನವರ ಏಟಿಗೆ ಸಿಗುತ್ತಿತ್ತು’ ಎಂಬುದು ವಾಕ್ಯ. ಇಂಥ ವಾಕ್ಯವೊಂದು ಗೋಡೆಗೆ ಅಂಟಿಕೊಂಡರೆ ಮುಂದಿನ ಅರ್ಧದಷ್ಟು ನಿರ್ಧಾರಗಳು ತಾವಾಗಿಯೇ ಆಗುತ್ತವೆ: ಬಾಗಿಲಿನ ಓಣಿ ನೋಡುಗರ ಕಡೆಗೆ ತೆರೆದಿರಬೇಕು, ಅದನ್ನು ಮರೆಮಾಡುವ ಬುರುಜನ್ನು ಕತ್ತರಿಸಿ ತೋರಿಸಬೇಕು, ಒಳಗಿನ ಅರಮನೆ ಬರಿಯ ಬಿಳಿಯ ದಿಮ್ಮಿಯಾಗಿದ್ದರೂ ನಡೆಯುತ್ತದೆ.

ಮಾದರಿ ಎಂದರೆ ಮೂಲದ ಪ್ರತಿಯೊಂದನ್ನೂ ಚಿಕ್ಕದಾಗಿಸುವುದು ಎಂಬ ನಂಬಿಕೆಯೇ ಹೆಚ್ಚಿನ ವಿದ್ಯಾರ್ಥಿ ಮಾದರಿಗಳನ್ನು ಕೆಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಏನನ್ನು ಬಿಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ವಿನ್ಯಾಸದ ಮುಖ್ಯ ಕೆಲಸ. ಫ್ರಾನ್ಸಿನಲ್ಲಿ 1668ರಿಂದ, ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, ಕೋಟೆಪಟ್ಟಣಗಳ ಮಾದರಿಗಳನ್ನು ಬಹುಪಾಲು 1:600ರ, ಎಂದರೆ ಮೂಲದ 6 ಮೀಟರಿಗೆ ಮಾದರಿಯಲ್ಲಿ 1 ಸೆಂ.ಮೀ. ಬರುವ, ಪ್ರಮಾಣದಲ್ಲಿ ಮಾಡಿಸಲಾಯಿತು. ಅವು ಯುದ್ಧದ ಲೆಕ್ಕಾಚಾರಕ್ಕೆಂದೇ ಹುಟ್ಟಿದ ಮಾದರಿಗಳಾದ್ದರಿಂದ ಪಟ್ಟಣದ ಗೋಡೆಗೆ ಮುಗಿಯದೆ, ಫಿರಂಗಿಯ ಗುಂಡು ಮುಟ್ಟಬಲ್ಲಷ್ಟು ದೂರದ ಹೊಲ, ದಿಬ್ಬಗಳನ್ನೂ ಒಳಗೊಂಡವು. ಅಂಚು ಎಲ್ಲಿ ಬೀಳಬೇಕೆಂಬುದನ್ನು ಅಲ್ಲಿ ಉದ್ದೇಶವೇ ತೀರ್ಮಾನಿಸಿತ್ತು.

ಪ್ರಮಾಣದ ಲೆಕ್ಕ

ಕಟ್ಟಡ ಇಷ್ಟು ಉದ್ದ, ಮೇಜು ಇಷ್ಟು ಉದ್ದ, ಭಾಗಿಸಿದರೆ ಪ್ರಮಾಣ ಸಿಕ್ಕಿತು ಎಂದು ಹೊರಡುವುದು ರೂಢಿ. ಈ ಲೆಕ್ಕವೂ ಬೇಕು, ಆದರೆ ಎರಡನೆಯದಾಗಿ ಬೇಕು. ಮೊದಲನೆಯ ಲೆಕ್ಕ, ನಿಮ್ಮ ವಾಕ್ಯಕ್ಕೆ ಆಧಾರವಾಗಿರುವ ಅತಿ ಚಿಕ್ಕ ಅಂಗ ನೋಡುಗರ ಕಣ್ಣಿಗೆ ಎಷ್ಟು ದೊಡ್ಡದಾಗಿ ಬೀಳಬೇಕು ಎಂಬುದು. 60 ಮೀಟರ್ ಉದ್ದ, 40 ಮೀಟರ್ ಅಗಲ, 24 ಮೀಟರ್ ಎತ್ತರದ ಕಟ್ಟಡವೊಂದನ್ನು ಎಣಿಸಿಕೊಳ್ಳಿ. 1:200ರಲ್ಲಿ ಅದು 30 ಸೆಂ.ಮೀ. ಉದ್ದವಾಗುತ್ತದೆ, 1:100ರಲ್ಲಿ 60 ಸೆಂ.ಮೀ., 1:50ರಲ್ಲಿ 120 ಸೆಂ.ಮೀ. ಇದೇ ಮೂರು ಪ್ರಮಾಣಗಳಲ್ಲಿ 1.7 ಮೀಟರ್ ಎತ್ತರದ ಮನುಷ್ಯ ಕ್ರಮವಾಗಿ 8.5, 17 ಮತ್ತು 34 ಮಿ.ಮೀ. ಎತ್ತರಕ್ಕೆ ಇಳಿಯುತ್ತಾನೆ, 15 ಸೆಂ.ಮೀ. ಎತ್ತರದ ಮೆಟ್ಟಿಲು 0.75, 1.5 ಮತ್ತು 3 ಮಿ.ಮೀ. ಆಗುತ್ತದೆ. ನಿಮ್ಮ ಕತೆ ಮೆಟ್ಟಿಲುಗಳದ್ದಾಗಿದ್ದರೆ 1:200ರಿಂದ ಪ್ರಯೋಜನವಿಲ್ಲ. ಕಟ್ಟಡವು ಬೀದಿಯ ಜೊತೆ ಹೇಗೆ ಸೇರುತ್ತಿತ್ತೆಂಬುದು ಕತೆಯಾಗಿದ್ದರೆ 1:50 ವ್ಯರ್ಥ ಶ್ರಮ.

ಪ್ರಮಾಣವನ್ನು 1:100ರಿಂದ 1:50ಕ್ಕೆ ಏರಿಸಿದಾಗ ಉದ್ದ ಎರಡು ಪಟ್ಟಾಗುತ್ತದೆ, ಬಣ್ಣ ಬಳಿಯಬೇಕಾದ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಗಟ್ಟಿ ವಸ್ತುವಿನಿಂದ ತುಂಬುವುದಾದರೆ ತೂಕ ಎಂಟು ಪಟ್ಟಾಗುತ್ತದೆ. ‘ಸ್ವಲ್ಪ ದೊಡ್ಡದು ಮಾಡೋಣ’ ಎಂಬ ಸಲಹೆ ಸಭೆಯಲ್ಲಿ ಬಂದಾಗಲೆಲ್ಲ ಈ ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆಯುವುದು ಒಳ್ಳೆಯದು.

ಕೆಳಮಿತಿಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಸಾಮಾನ್ಯ ತ್ರೀಡಿ ಪ್ರಿಂಟರಿನ ನಳಿಕೆಯ ಬಾಯಿ 0.4 ಮಿ.ಮೀ. ಇರುತ್ತದೆ, ಅದಕ್ಕಿಂತ ತೆಳುವಾದ ಗೋಡೆಯನ್ನು ಅದರಿಂದ ನೆಚ್ಚಿಕೊಂಡು ಪಡೆಯಲಾಗದು. ಕೈಯಿಂದ ಕತ್ತರಿಸುವಾಗಲೂ ಅರ್ಧ ಮಿಲಿಮೀಟರಿಗಿಂತ ಚಿಕ್ಕದು ನೂರು ಸಲ ಒಂದೇ ಸಮನೆ ಬರುವುದಿಲ್ಲ. 2 ಸೆಂ.ಮೀ. ದಪ್ಪದ ಕಬ್ಬಿಣದ ಕಂಬಿ 1:100ರಲ್ಲಿ 0.2 ಮಿ.ಮೀ. ಆಗಬೇಕು, ಆದರೆ ನೀವು ಕೂರಿಸುವುದು 0.8 ಮಿ.ಮೀ. ತಂತಿಯನ್ನು. ಇದು ತಪ್ಪಲ್ಲ, ಎಲ್ಲ ಮಾದರಿಗಾರರೂ ಮಾಡುವುದೇ. ಆದರೆ ಯಾವ ಅಂಗಗಳನ್ನು ಪ್ರಮಾಣ ಮೀರಿ ದಪ್ಪ ಮಾಡಲಾಗಿದೆ ಎಂಬ ಪಟ್ಟಿ ಕಡತದಲ್ಲಿ ಇರಬೇಕು. ಹಾಗೆಯೇ ಕಂಬಿಗಳ ನಡುವಣ ಸಂದುಗಳು ಮುಚ್ಚಿಹೋಗದಂತೆ ಅವುಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕಾಗಿ ಬರಬಹುದು, ಅದನ್ನೂ ಬರೆದಿಡಬೇಕು.

ನೆಲದ ಏರಿಳಿತ ತೋರಿಸುವ ಮಾದರಿಗಳಲ್ಲಿ ಇನ್ನೊಂದು ತೊಡಕಿದೆ. 10 ಕಿ.ಮೀ. ಅಗಲದ ಕಣಿವೆಯೊಂದರಲ್ಲಿ 100 ಮೀಟರ್ ಎತ್ತರದ ಗುಡ್ಡವಿದ್ದರೆ, 1:10,000ರ ಪ್ರಮಾಣದಲ್ಲಿ ಒಂದು ಮೀಟರ್ ಅಗಲದ ಹಲಗೆಯ ಮೇಲೆ ಒಂದೇ ಸೆಂಟಿಮೀಟರಿನ ಉಬ್ಬು ಕಾಣುತ್ತದೆ. ಅಲ್ಲೇ ನಿಂತು ನೋಡಿದವರಿಗೆ ದೊಡ್ಡದೆನಿಸಿದ್ದ ಗುಡ್ಡ ಇಲ್ಲಿ ಕಾಣೆಯಾಗುತ್ತದೆ. ಹಾಗಾಗಿ ಎತ್ತರದ ಪ್ರಮಾಣವನ್ನು ಬೇರೆಯಾಗಿ ಹಿಗ್ಗಿಸುತ್ತಾರೆ. ಅಮೆರಿಕದ ಸೇನಾ ಎಂಜಿನಿಯರರು ಪ್ರವಾಹದ ಅಧ್ಯಯನಕ್ಕೆಂದು ಕಟ್ಟಿದ ಮಿಸಿಸಿಪ್ಪಿ ನದಿಯ ಜಲಾನಯನ ಪ್ರದೇಶದ ಮಾದರಿಯಲ್ಲಿ ಅಡ್ಡ ಅಳತೆ 1:2,000, ಎತ್ತರದ ಅಳತೆ 1:100. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮಾದರಿಯಲ್ಲಿ ಅವು 1:1,000 ಮತ್ತು 1:100. ಅವು ನೀರು ಹರಿಸಿ ಅಳೆಯಲೆಂದು ಕಟ್ಟಿದ ಸಾಧನಗಳು, ಅಷ್ಟು ಹಿಗ್ಗಿಸುವುದಕ್ಕೆ ಕಾರಣವಿತ್ತು. ಕಣ್ಣಿಗೆ ತೋರಿಸುವ ಮಾದರಿಗೆ ಎರಡು ಪಟ್ಟು ಸಾಮಾನ್ಯವಾಗಿ ಸಾಕು, ಮೂರು ದಾಟಿದರೆ ಗುಡ್ಡಗಳು ಸೂಜಿಗಳಾಗುತ್ತವೆ. ಎಷ್ಟು ಹಿಗ್ಗಿಸಿದ್ದೀರಿ ಎಂಬುದನ್ನು ಫಲಕದಲ್ಲಿ ಹೇಳದಿರುವುದು ಮಾತ್ರ ಕ್ಷಮೆಗೆ ಅರ್ಹವಲ್ಲ. ಪದರಗಳಿಂದ ಗುಡ್ಡ ಕಟ್ಟುವುದಾದರೆ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ನಕ್ಷೆಯ ಗೆರೆಗಳ) ಅಂತರವನ್ನೂ ರಟ್ಟಿನ ದಪ್ಪವನ್ನೂ ಹೊಂದಿಸಿಕೊಳ್ಳಿ: 20 ಮೀಟರ್ ಅಂತರದ ರೇಖೆಗಳಿಗೆ 1:10,000ರಲ್ಲಿ 2 ಮಿ.ಮೀ. ರಟ್ಟು ಸರಿಹೊಂದುತ್ತದೆ, ಎರಡು ಪಟ್ಟು ಹಿಗ್ಗಿಸಿದರೆ 4 ಮಿ.ಮೀ. ಬೇಕಾಗುತ್ತದೆ.

ಗೊತ್ತಿರುವುದು, ಊಹಿಸಿದ್ದು

ಸಂಶೋಧನೆಯ ಹಂತದಲ್ಲಿ ಪ್ರತಿ ಅಂಗಕ್ಕೂ ಒಂದು ಸಾಲಿರುವ ಕೋಷ್ಟಕ ಮಾಡಿ. ಅಂಗದ ಹೆಸರು, ಅದರ ನಿಜವಾದ ಅಳತೆ, ಮಾದರಿಯ ಅಳತೆ, ಆಧಾರ ಯಾವುದು, ಆ ಆಧಾರದ ಮೇಲೆ ಎಷ್ಟು ನಂಬಿಕೆ ಎಂಬ ಐದು ಅಂಕಣಗಳು ಸಾಕು. ಕೊನೆಯ ಅಂಕಣದಲ್ಲಿ ಮೂರೇ ಗುರುತುಗಳಿರಲಿ: ಅಳೆದದ್ದು, ಚಿತ್ರ ಅಥವಾ ಬರಹದಿಂದ ಪಡೆದದ್ದು, ಹೋಲಿಕೆಯಿಂದ ಊಹಿಸಿದ್ದು. ಬಿದ್ದುಹೋದ ಮಾಳಿಗೆಯ ಎತ್ತರವನ್ನು ಅದೇ ಕಾಲದ ಬೇರೊಂದು ಕಟ್ಟಡ ನೋಡಿ ಊಹಿಸಿದ್ದರೆ, ಅದು ಮೂರನೆಯ ಗುಂಪಿಗೆ ಸೇರುತ್ತದೆ. ಈ ಕೋಷ್ಟಕ ಕ್ಯುರೇಟರ್ (ಸಂಗ್ರಹಾಲಯದ ಸಂಗ್ರಹ, ಪ್ರದರ್ಶನಗಳ ಹೊಣೆ ಹೊತ್ತವರು) ಕೇಳುವ ಮೊದಲ ಪ್ರಶ್ನೆಗೆ ಉತ್ತರ; ಅದಕ್ಕಿಂತ ಮುಖ್ಯವಾಗಿ, ಅದು ಮಾದರಿಯ ರೂಪವನ್ನೇ ಬದಲಿಸಬಲ್ಲದು. ಅಳೆದ ಭಾಗಗಳಿಗೆ ಪೂರ್ಣ ಬಣ್ಣ, ಊಹಿಸಿದ ಭಾಗಗಳಿಗೆ ಒಂದೇ ತಿಳಿ ಬೂದು ಬಣ್ಣ ಕೊಟ್ಟರೆ ನೋಡುಗರು ಫಲಕ ಓದದೆಯೂ ವ್ಯತ್ಯಾಸವನ್ನು ಗ್ರಹಿಸುತ್ತಾರೆ. ಎಲ್ಲವನ್ನೂ ಒಂದೇ ಸಮನಾಗಿ ಬಣ್ಣ ಬಳಿದು ಮುಗಿಸಿದ ಮಾದರಿ ನೋಡಲು ಚೆಂದ, ಆದರೆ ಅದು ಊಹೆಯನ್ನೂ ಸಾಕ್ಷ್ಯದಷ್ಟೇ ಗಟ್ಟಿ ದನಿಯಲ್ಲಿ ಹೇಳುತ್ತದೆ.

ಸಂಶೋಧನೆಗೊಂದು ಕೊನೆಯ ದಿನ ಇರಲೇಬೇಕು. ಹನ್ನೆರಡು ವಾರಗಳ ಯೋಜನೆಯಾದರೆ ಮೂರು ವಾರ ಸಂಶೋಧನೆಗೆ, ಎರಡು ವಾರ ಕಚ್ಚಾ ಮಾದರಿಗೆ, ಐದು ವಾರ ಕಟ್ಟುವುದಕ್ಕೆ, ಒಂದು ವಾರ ಸಾಗಿಸಿ ಜೋಡಿಸುವುದಕ್ಕೆ, ಒಂದು ವಾರ ಯಾವ ಕೆಲಸಕ್ಕೂ ಹಂಚದೆ ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ ಎಂದು ಹಂಚಬಹುದು. ಆ ಕೊನೆಯ ವಾರವನ್ನು ಮೊದಲೇ ಯಾವುದಾದರೂ ಕೆಲಸಕ್ಕೆ ಕೊಟ್ಟುಬಿಡುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ.

ತಂಡದೊಳಗಿನ ಹೊಣೆ

ನಾಲ್ಕರಿಂದ ಎಂಟು ಮಂದಿಯ ತಂಡದಲ್ಲಿ ಎಲ್ಲರೂ ಎಲ್ಲವನ್ನೂ ಮಾಡುವುದು ಸಾಧ್ಯ, ಆದರೆ ಎರಡು ಹೊಣೆಗಳು ಮಾತ್ರ ಒಬ್ಬೊಬ್ಬರ ಹೆಸರಿನಲ್ಲೇ ಇರಬೇಕು. ಒಂದು, ನಕ್ಷೆಗಳ ಹೊಣೆ. ಯಾವ ನಕ್ಷೆ ಸದ್ಯ ಜಾರಿಯಲ್ಲಿದೆ ಎಂದು ಹೇಳುವ ಅಧಿಕಾರ ಒಬ್ಬರಿಗಷ್ಟೇ ಇದ್ದು, ಹಳೆಯ ಪ್ರತಿಗಳನ್ನು ಕೆಲಸದ ಮೇಜಿನಿಂದ ತೆಗೆದುಹಾಕುವುದೂ ಅವರದ್ದೇ ಕೆಲಸವಾಗಿರಬೇಕು. ಇಲ್ಲದಿದ್ದರೆ ಎರಡು ಗೋಡೆಗಳನ್ನು ಎರಡು ಬೇರೆ ನಕ್ಷೆಗಳಿಂದ ಕತ್ತರಿಸಿ, ಮೂಲೆಯಲ್ಲಿ ಕೂಡಿಸುವ ದಿನವೇ ಅದು ಗೊತ್ತಾಗುತ್ತದೆ. ಇನ್ನೊಂದು, ಸಂಗ್ರಹಾಲಯದ ಜೊತೆಗಿನ ಮಾತುಕತೆಯ ಹೊಣೆ. ಕ್ಯುರೇಟರ್‌ಗೆ ಐವರಿಂದ ಐದು ಪ್ರಶ್ನೆಗಳು ಹೋದರೆ ಐದು ಉತ್ತರಗಳು ಐದು ಕಡೆ ಉಳಿಯುತ್ತವೆ.

ಉಳಿದಂತೆ ಕತ್ತರಿಸುವುದು, ಜೋಡಿಸುವುದು, ಬಣ್ಣ, ವಿದ್ಯುತ್ತು, ಬರಹ ಇವನ್ನು ಆಸಕ್ತಿಯಂತೆ ಹಂಚಿಕೊಳ್ಳಬಹುದು. ಆದರೆ ಕಟ್ಟುವ ಮೊದಲು ಪ್ರತಿಯೊಬ್ಬರೂ 10 ಸೆಂ.ಮೀ. ಚೌಕದ ಒಂದು ಮಾದರಿ ತುಂಡನ್ನು ಅದೇ ವಸ್ತುಗಳಿಂದ, ಅದೇ ಬಣ್ಣಗಳಿಂದ ಮಾಡಲಿ. ತುಂಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಒಬ್ಬರ ಮರಗಳು ದುಂಡಗೆ, ಇನ್ನೊಬ್ಬರವು ಚೂಪಾಗಿ, ಒಬ್ಬರ ಹೆಂಚು ಕೆಂಪಾಗಿ, ಮತ್ತೊಬ್ಬರದು ಕಂದಾಗಿ ಇರುವುದು ಕಾಣುತ್ತದೆ. ಅವುಗಳಲ್ಲಿ ಒಂದನ್ನು ಆರಿಸಿ, ಅದನ್ನೇ ಎಲ್ಲರ ಅಳತೆಗೋಲಾಗಿ ಕೆಲಸದ ಮೇಜಿನ ಮೇಲೆ ಇಡಿ. ಮಾತಿನಲ್ಲಿ ವಿವರಿಸಿ ಒಪ್ಪಂದಕ್ಕೆ ಬರಲಾಗದ ವಿಷಯಗಳು ಇದರಿಂದ ಅರ್ಧ ಗಂಟೆಯಲ್ಲಿ ತೀರುತ್ತವೆ.

ಕಚ್ಚಾ ಮಾದರಿ

ಅಂತಿಮ ಮಾದರಿಯ ಅಳತೆಯಲ್ಲೇ, ರದ್ದಿ ರಟ್ಟು ಮತ್ತು ಟೇಪಿನಿಂದ, ಅಂತಿಮ ಮೇಜಿನ ಎತ್ತರದಲ್ಲಿಟ್ಟು ಒಂದು ಕಚ್ಚಾ ಮಾದರಿ ಮಾಡುವುದು ಇಡೀ ಕೆಲಸದಲ್ಲಿ ಅತ್ಯಂತ ಲಾಭದಾಯಕ ಹಂತ. ಎತ್ತರ ಇಲ್ಲೇ ತೀರ್ಮಾನವಾಗುತ್ತದೆ. ನಿಂತ ವಯಸ್ಕರ ಕಣ್ಣು ನೆಲದಿಂದ ಸುಮಾರು 150 ಸೆಂ.ಮೀ. ಮೇಲಿದ್ದರೆ, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣು 110ರಿಂದ 120 ಸೆಂ.ಮೀ. ಎತ್ತರದಲ್ಲಿ ಇರುತ್ತದೆ, ಚಿಕ್ಕ ಮಕ್ಕಳದು ಇನ್ನೂ ಕೆಳಗೆ. ಹಲಗೆಯನ್ನು 75 ಸೆಂ.ಮೀ. ಆಸುಪಾಸಿನಲ್ಲಿಟ್ಟು, ಅದರ ಕೆಳಗೆ ಮೊಣಕಾಲು ಹೋಗುವಂತೆ 70 ಸೆಂ.ಮೀ. ತೆರವು ಬಿಟ್ಟರೆ ಎಲ್ಲರಿಗೂ ಹೊಂದುತ್ತದೆ. ಕುರ್ಚಿಯ ಮೇಲೆ ಕುಳಿತು ಕಚ್ಚಾ ಮಾದರಿಯನ್ನು ನಾಲ್ಕೂ ಕಡೆಯಿಂದ ನೋಡಿ: ವಾಕ್ಯ ಹೇಳುವ ಭಾಗ ಯಾವುದಾದರೂ ಗೋಪುರದ ಹಿಂದೆ ಅಡಗಿದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ.

ಅದರ ಮುಂದೆ ತಂಡಕ್ಕೆ ಸೇರದ ಕೆಲವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ. ‘ಚೆನ್ನಾಗಿದೆಯೇ’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ‘ಇಲ್ಲಿ ಏನು ನಡೆಯುತ್ತಿದೆ’ ಎಂದು ಕೇಳಿ, ಸುಮ್ಮನೆ ನಿಂತು, ಅವರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೆಂದು ಗಮನಿಸಿ ಬರೆದುಕೊಳ್ಳಿ. ಮೂವರು ಒಂದೇ ಕಡೆ ಗೊಂದಲಪಟ್ಟರೆ ಫಲಕದ ಬರಹ ಹೆಚ್ಚಿಸುವ ಬದಲು ಮಾದರಿಯನ್ನೇ ಬದಲಿಸಿ.

ಸಾಗಾಟದ ಪರೀಕ್ಷೆಯೂ ಈಗಲೇ ಆಗಲಿ. ಮಾಡುವ ಕೋಣೆಯಿಂದ ಪ್ರದರ್ಶನದ ಕೋಣೆಯವರೆಗೆ ಇರುವ ಪ್ರತಿ ಬಾಗಿಲು, ಲಿಫ್ಟು, ಮೆಟ್ಟಿಲ ತಿರುವನ್ನೂ ಅಳೆಯಿರಿ. ಅತಿ ಕಿರಿದಾದದ್ದು 80 ಸೆಂ.ಮೀ. ಇದ್ದರೆ ಮಾದರಿಯನ್ನು 60 ಸೆಂ.ಮೀ. ಅಗಲದ ತುಂಡುಗಳಾಗಿ ಕಟ್ಟಿ, ಅಡಿಯಲ್ಲಿ ಬೋಲ್ಟಿನಿಂದ ಕೂಡಿಸುವಂತೆ ಯೋಜಿಸಿ. ಕೂಡುಗೆರೆಯನ್ನು ರಸ್ತೆ, ಕಾಲುವೆ, ಗೋಡೆಯ ಬುಡದಂಥ ಸಹಜವಾದ ಗೆರೆಯ ಮೇಲೆ ತನ್ನಿ. ಅಂಚಿನಿಂದ ಕೈ ಚಾಚಿ ಕೆಲಸ ಮಾಡಲು 60 ಸೆಂ.ಮೀ.ಗಿಂತ ಹೆಚ್ಚು ದೂರ ಕಷ್ಟವಾದ್ದರಿಂದ ಈ ಅಗಲ ಬೇರೆ ರೀತಿಯಲ್ಲೂ ಅನುಕೂಲ.

ವಸ್ತುಗಳು

ಸಂಗ್ರಹಾಲಯದೊಳಗೆ ಬರುವ ಮಾದರಿಗೆ ಕಾಲೇಜಿನ ಪ್ರದರ್ಶನಕ್ಕಿಲ್ಲದ ಕಟ್ಟುಪಾಡುಗಳಿವೆ. ಧಾನ್ಯ, ಒಣಗಿದ ಎಲೆ, ಪಾಚಿ, ಹಸಿ ಮಣ್ಣು, ಹಿಟ್ಟಿನ ಅಂಟು ಇವೆಲ್ಲ ಕೀಟಗಳನ್ನು ಕರೆತರುತ್ತವೆ, ಅವು ಮಾದರಿಯಿಂದ ಪಕ್ಕದ ಹಳೆಯ ಬಟ್ಟೆ, ಹಸ್ತಪ್ರತಿಗಳಿಗೆ ದಾಟುತ್ತವೆ. ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಲಗೆ ಹೊರಬಿಡುವ ಆವಿಯಲ್ಲಿ ಫಾರ್ಮಾಲ್ಡಿಹೈಡ್ ಮತ್ತು ಆಮ್ಲಗಳಿರುವುದರಿಂದ, ಅದೇ ಗಾಜಿನ ಪೆಟ್ಟಿಗೆಯೊಳಗೆ ಮೂಲ ವಸ್ತುಗಳನ್ನು ಇಡುವುದಾದರೆ ಅದನ್ನು ಬಳಸುವಂತಿಲ್ಲ. ಏನೇನು ಬಳಸುತ್ತೀರೆಂಬ ಪಟ್ಟಿಯನ್ನು ಖರೀದಿಗೆ ಮೊದಲೇ ಕ್ಯುರೇಟರ್‌ಗೆ ಒಪ್ಪಿಸಿ ಸಹಿ ಪಡೆಯಿರಿ.

ತಳಹದಿಗೆ ಅಡ್ಡಪಟ್ಟಿಗಳ ಚೌಕಟ್ಟಿನ ಮೇಲೆ ಕೂರಿಸಿದ 12 ಮಿ.ಮೀ. ಪ್ಲೈವುಡ್ ಸಾಕು, ಎರಡೂ ಬದಿಗೆ ಬಣ್ಣ ಅಥವಾ ವಾರ್ನಿಶ್ ಬಳಿಯದಿದ್ದರೆ ಒಂದೇ ಕಡೆ ತೇವ ಹೀರಿ ಬಾಗುತ್ತದೆ. ನೆಲದ ಉಬ್ಬುಗಳಿಗೆ ಥರ್ಮಾಕೋಲಿಗಿಂತ ದಟ್ಟವಾದ, ಗಟ್ಟಿ ಎಕ್ಸ್‌ಪಿಎಸ್ ಫೋಮ್ ಹಗುರ ಮತ್ತು ಕೆತ್ತಲು ಸುಲಭ. ಪ್ಲಾಸ್ಟರ್ ಆಫ್ ಪ್ಯಾರಿಸ್ ಆಕರ್ಷಕವಾಗಿ ಕಂಡರೂ ಒಂದು ಚದರ ಮೀಟರಿನ ಮೇಲೆ ಒಂದು ಸೆಂಟಿಮೀಟರ್ ದಪ್ಪ ಹಾಕಿದರೆ ಹತ್ತು ಲೀಟರ್ ಗಾತ್ರವಾಗುತ್ತದೆ, ಅದರ ತೂಕ ಹತ್ತು ಕಿಲೋ ದಾಟುತ್ತದೆ, ಮೇಲಾಗಿ ಸಾಗಿಸುವಾಗ ಬಿರುಕು ಬಿಡುತ್ತದೆ. ಥರ್ಮಾಕೋಲ್ ಹಾಗೂ ಎಕ್ಸ್‌ಪಿಎಸ್ ಎರಡನ್ನೂ ದ್ರಾವಕವಿರುವ ಅಂಟು ಮತ್ತು ಸ್ಪ್ರೇ ಪೇಂಟ್ ಕರಗಿಸಿಬಿಡುತ್ತವೆ. ಅವುಗಳಿಗೆ ಬಿಳಿಯ ಪಿವಿಎ ಅಂಟು ಮತ್ತು ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವೇ ಸರಿ. ತ್ರೀಡಿ ಮುದ್ರಣದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುವುದರಿಂದ ಬಿಸಿಲು ಬೀಳುವ ಕಿಟಕಿಯ ಬಳಿ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ನಂಬಿಕೆಗೆ ತಕ್ಕದ್ದಲ್ಲ. ಲೇಸರ್ ಯಂತ್ರದಲ್ಲಿ ಪಿವಿಸಿ ಹಾಳೆಯನ್ನು ಎಂದಿಗೂ ಕತ್ತರಿಸಬಾರದು: ಹೊರಬರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶಕ್ಕೂ ಯಂತ್ರಕ್ಕೂ ಹಾನಿ ಮಾಡುತ್ತದೆ. ಎಂಡಿಎಫ್ ಉಜ್ಜುವಾಗ ಮಾಸ್ಕ್ ಕಡ್ಡಾಯ.

ಕಟ್ಟುವಾಗ

ನಕ್ಷೆಯ ಪ್ರತಿ ಹಾಳೆಯ ಮೂಲೆಯಲ್ಲೂ 10 ಸೆಂ.ಮೀ. ಉದ್ದದ ಅಳತೆಪಟ್ಟಿಯನ್ನು ಬರೆದು, ಮುದ್ರಿಸಿದ ಮೇಲೆ ಉಕ್ಕಿನ ಸ್ಕೇಲಿನಿಂದ ಅದನ್ನು ಅಳೆಯಿರಿ. ಪ್ರಿಂಟರು ಪುಟಕ್ಕೆ ಹೊಂದಿಸಲೆಂದು ಚಿತ್ರವನ್ನು ಶೇಕಡ ಮೂರು ನಾಲ್ಕರಷ್ಟು ಕುಗ್ಗಿಸಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ 60 ಸೆಂ.ಮೀ. ಗೋಡೆಯಲ್ಲಿ ಎರಡು ಸೆಂಟಿಮೀಟರ್ ಮಾಯವಾಗಿರುತ್ತದೆ. ಎಲ್ಲ ಅಳತೆಗಳನ್ನೂ ಒಂದೇ ಮೂಲ ಬಿಂದುವಿನಿಂದ ಗುರುತಿಸಿ. ಒಂದು ಕಿಟಕಿಯಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಅಳೆಯುತ್ತ ಹೋದರೆ ಅರ್ಧ ಅರ್ಧ ಮಿಲಿಮೀಟರಿನ ದೋಷಗಳು ಸಾಲಿನ ಕೊನೆಯಲ್ಲಿ ಒಟ್ಟುಗೂಡುತ್ತವೆ. ಗೋಡೆಗಳ ಜೋಡಣೆಯಲ್ಲಿ ಹಾಳೆಯ ದಪ್ಪವನ್ನು ಕಳೆಯಲು ಮರೆಯಬಾರದು: 5 ಮಿ.ಮೀ. ಫೋಮ್ ಬೋರ್ಡಿನ ಎರಡು ಪಕ್ಕದ ಗೋಡೆಗಳ ನಡುವೆ ಕೂರುವ ಮುಂಗೋಡೆ ಹೊರ ಅಳತೆಗಿಂತ 10 ಮಿ.ಮೀ. ಕಡಿಮೆ ಇರಬೇಕು.

ಕತ್ತರಿಸುವಾಗ ಒಂದೇ ಬಲವಾದ ಎಳೆತಕ್ಕಿಂತ ಮೂರು ನಾಲ್ಕು ಹಗುರ ಎಳೆತಗಳು ನೇರವಾಗಿಯೂ ಸುರಕ್ಷಿತವಾಗಿಯೂ ಇರುತ್ತವೆ, ಮತ್ತು ಮೊಂಡಾದ ಬ್ಲೇಡು ಹರಿತವಾದದ್ದಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅದಕ್ಕೆ ಬಲ ಹಾಕಬೇಕಾಗುತ್ತದೆ. ಒಂದೇ ಬಗೆಯ ಅಂಗಗಳು ಹತ್ತಕ್ಕಿಂತ ಹೆಚ್ಚಿದ್ದರೆ ಮೊದಲು ಒಂದು ಅಚ್ಚುಚೌಕಟ್ಟು ಮಾಡಿಕೊಳ್ಳಿ. ಬೇರೆ ಬೇರೆ ಕೈಗಳಲ್ಲಿ ತಯಾರಾದ ಕಂಬಗಳು ಒಂದೇ ಎತ್ತರಕ್ಕೆ ಬರುವುದು ಆಗ ಮಾತ್ರ.

ಬಣ್ಣದಲ್ಲಿ ತಿಳಿದಿರಬೇಕಾದ ಒಂದು ಸಂಗತಿಯಿದೆ. ನಿಜವಾದ ಕಟ್ಟಡದ ಗೋಡೆಯಿಂದ ಗೀರಿ ತಂದ ಬಣ್ಣಕ್ಕೆ ಸರಿಯಾಗಿ ಬೆರೆಸಿದ ಬಣ್ಣವೇ ಮಾದರಿಯ ಮೇಲೆ ಗಾಢವಾಗಿ, ಆಟಿಕೆಯಂತೆ ಕಾಣುತ್ತದೆ. ದೊಡ್ಡ ವಸ್ತುವನ್ನು ನಾವು ದೂರದಿಂದ, ನಡುವಣ ಗಾಳಿಯ ಮಬ್ಬಿನ ಮೂಲಕ ನೋಡುವ ಅಭ್ಯಾಸವಿರುವುದರಿಂದ, ಮಾದರಿಗೆ ಅದೇ ಬಣ್ಣವನ್ನು ಸ್ವಲ್ಪ ಬಿಳಿ ಅಥವಾ ಬೂದು ಬೆರೆಸಿ ತಗ್ಗಿಸಬೇಕು. ಪ್ರಮಾಣ ಚಿಕ್ಕದಾದಷ್ಟೂ ಹೆಚ್ಚು. ಹೊಳಪಿನ ಬಣ್ಣ ಬೇಡ, ಮ್ಯಾಟ್ ಇರಲಿ. ನೀರಿನ ವಿಷಯದಲ್ಲೂ ಹೀಗೆಯೇ: ಅಲೆಗಳು ಪ್ರಮಾಣಕ್ಕೆ ತಕ್ಕಂತೆ ಕುಗ್ಗುವುದಿಲ್ಲವಾದ್ದರಿಂದ ನಿಜವಾದ ನೀರನ್ನು ಇಟ್ಟರೆ ಮಾದರಿಯ ಕೆರೆ ತಟ್ಟೆಯಲ್ಲಿನ ನೀರಿನಂತೆ ಕಾಣುತ್ತದೆ; ತಳಕ್ಕೆ ಗಾಢ ಬಣ್ಣ ಬಳಿದು ಮೇಲೆ ಹೊಳಪಿನ ವಾರ್ನಿಶ್‌ನ ತೆಳು ಪದರಗಳನ್ನು ಕೊಡುವುದು ಸಾಮಾನ್ಯವಾಗಿ ಸಾಕಾಗುತ್ತದೆ.

ದೀಪ ಅಳವಡಿಸುವುದಾದರೆ 12 ವೋಲ್ಟಿನ ಎಲ್‌ಇಡಿಗಳನ್ನು ಬಳಸಿ, ಅಡಾಪ್ಟರನ್ನು ಮಾದರಿಯ ಹೊರಗೆ ಗಾಳಿಯಾಡುವ ಕಡೆ ಇಡಿ, ತಂತಿಗಳಿಗೆ ಹೆಸರು ಬರೆದ ಚೀಟಿ ಕಟ್ಟಿ. ಮಾದರಿಯನ್ನು ಒಡೆಯದೆ, ಅಡಿಯಿಂದ ತೆಗೆದು ಬದಲಿಸಲಾಗದ ದೀಪವನ್ನು ಕೂರಿಸಲೇಬಾರದು.

ಫಲಕ ಮತ್ತು ಮುಟ್ಟುವ ಭಾಗ

ಫಲಕವನ್ನು ಕೊನೆಯ ರಾತ್ರಿ ಬರೆಯುವುದು ವಿದ್ಯಾರ್ಥಿ ತಂಡಗಳ ಹಳೆಯ ಚಾಳಿ. ಕಚ್ಚಾ ಮಾದರಿಯ ಜೊತೆಗೇ ಅದರ ಕರಡೂ ಸಿದ್ಧವಾಗಲಿ. ಐವತ್ತು ಪದಗಳ ಆಸುಪಾಸಿನಲ್ಲಿ ಮುಗಿಸಿ; ಮೊದಲ ಸಾಲಿನಲ್ಲೇ ನಿಮ್ಮ ಮೂಲ ವಾಕ್ಯ ಬರಲಿ, ಪ್ರಮಾಣ ಮತ್ತು ಯಾವ ಕಾಲದ ಸ್ಥಿತಿ ಎಂಬುದು ಕೊನೆಯಲ್ಲಿರಲಿ. 1:100 ಎಂಬ ಅಂಕಿ ಎಲ್ಲರಿಗೂ ಅರ್ಥವಾಗುವುದಿಲ್ಲ. ಅದರ ಜೊತೆ ಪ್ರಮಾಣಕ್ಕೆ ಸರಿಯಾದ ಒಂದೆರಡು ಮನುಷ್ಯಾಕೃತಿಗಳನ್ನು ಮುಖ್ಯ ಜಾಗದ ಬಳಿಯೇ ನಿಲ್ಲಿಸಿದರೆ ಅಂಕಿಯ ಕೆಲಸವನ್ನು ಅವೇ ಮಾಡುತ್ತವೆ. ಅಕ್ಷರಗಳು 24 ಪಾಯಿಂಟಿಗಿಂತ ಚಿಕ್ಕದಾಗದಿರಲಿ. ಒತ್ತಕ್ಷರಗಳಿರುವ ಕನ್ನಡ ಬರಹಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು ಎಂಬುದನ್ನು ಮುದ್ರಿಸುವವರಿಗೆ ಹೇಳಬೇಕಾಗುತ್ತದೆ.

ಸಾಧ್ಯವಾದರೆ ಮುಖ್ಯ ಅಂಗವೊಂದನ್ನು ದೊಡ್ಡ ಪ್ರಮಾಣದಲ್ಲಿ, ಗಟ್ಟಿ ಮರ ಅಥವಾ ರಾಳದಲ್ಲಿ ಮತ್ತೊಮ್ಮೆ ಮಾಡಿ ಗಾಜಿನ ಹೊರಗೆ ಇಡಿ. ಕಣ್ಣು ಕಾಣದವರಿಗೆ ಅದು ಇಡೀ ಪ್ರದರ್ಶಿಕೆ. ಉಳಿದವರ ಬೆರಳುಗಳೂ ಅಲ್ಲಿಗೇ ಹೋಗುವುದರಿಂದ ಒಳಗಿನ ಮಾದರಿ ಉಳಿಯುತ್ತದೆ. ಬ್ರೈಲ್ ಚುಕ್ಕೆಗಳ ನಡುವಣ ಅಂತರವೇ ಸುಮಾರು 2.5 ಮಿ.ಮೀ. ಇರುವುದನ್ನು ನೆನಪಿನಲ್ಲಿಟ್ಟುಕೊಂಡು, ಅದಕ್ಕಿಂತ ಕಿರಿದಾದ ವಿವರಗಳನ್ನು ಮುಟ್ಟುವ ಮಾದರಿಯಲ್ಲಿ ಬಿಟ್ಟುಬಿಡಿ, ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿ.

ಒಪ್ಪಿಸುವುದು

ಮಾದರಿಯ ಜೊತೆ ಮೂರು ವಸ್ತುಗಳನ್ನು ಒಪ್ಪಿಸಬೇಕು. ಒಂದು ಕಡತ: ಅಂತಿಮ ನಕ್ಷೆಗಳು, ಆಧಾರಗಳ ಕೋಷ್ಟಕ, ಬಳಸಿದ ಬಣ್ಣ ಮತ್ತು ಅಂಟುಗಳ ಪಟ್ಟಿ, ವಿದ್ಯುತ್ ಜೋಡಣೆಯ ಚಿತ್ರ, ತುಂಡುಗಳನ್ನು ಬಿಚ್ಚುವ ಕ್ರಮದ ಛಾಯಾಚಿತ್ರಗಳು. ಒಂದು ಡಬ್ಬಿ: ಅದೇ ಬಣ್ಣದ ಚಿಕ್ಕ ಸೀಸೆಗಳು, ಕೆಲವು ಹೆಚ್ಚುವರಿ ಕಂಬ, ಮರ, ಮನುಷ್ಯಾಕೃತಿಗಳು, ಎರಡು ಎಲ್‌ಇಡಿ. ಮತ್ತೊಂದು, ಸಾಗಿಸಲು ಬಳಸಿದ ಪೆಟ್ಟಿಗೆ. ಕೋಣೆ ಬದಲಾದಾಗ ಅದು ಮತ್ತೆ ಬೇಕಾಗುತ್ತದೆ. ಮೃದುವಾದ ಕುಂಚ ಮತ್ತು ಗಾಳಿ ಊದುವ ರಬ್ಬರ್ ಚೆಂಡಿನಿಂದ ಧೂಳು ತೆಗೆಯುವ ಬಗೆಯನ್ನು ಸಿಬ್ಬಂದಿಗೆ ಬಾಯಿಮಾತಿನಲ್ಲಿ ಹೇಳುವುದರ ಜೊತೆಗೆ ಒಮ್ಮೆ ಅವರ ಕೈಯಿಂದಲೇ ಮಾಡಿಸಿ, ಒದ್ದೆ ಬಟ್ಟೆ ಬಳಸಬಾರದೆಂದು ಕಡತದ ಮೊದಲ ಪುಟದಲ್ಲಿ ಬರೆಯಿರಿ.

ಪ್ರದರ್ಶನ ತೆರೆದ ಮೊದಲ ವಾರದಲ್ಲಿ ತಂಡದ ಯಾರಾದರೊಬ್ಬರು ಪ್ರತಿದಿನ ಸ್ವಲ್ಪ ಹೊತ್ತು ಕೋಣೆಯ ಮೂಲೆಯಲ್ಲಿ ನಿಂತು ನೋಡುಗರನ್ನು ಗಮನಿಸಲಿ. ಗಾಜಿನ ಮೇಲೆ ಬೆರಳಚ್ಚು ಹೆಚ್ಚು ಬೀಳುವ ಜಾಗ, ಮಕ್ಕಳು ಒರಗುವ ಅಂಚು, ಪ್ರತಿಫಲನದಿಂದ ಕಾಣದಾಗುವ ಕೋನ ಇವನ್ನು ಬರೆದುಕೊಂಡು, ವಾರದ ಕೊನೆಗೆ ಕ್ಯುರೇಟರ್ ಜೊತೆ ಕುಳಿತು ದೀಪದ ಕೋನ, ಫಲಕದ ಜಾಗ, ಅಂಚಿನ ತಡೆಪಟ್ಟಿ ಇಷ್ಟನ್ನು ಸರಿಪಡಿಸಿ, ಆ ಬದಲಾವಣೆಗಳನ್ನೂ ಕಡತಕ್ಕೆ ಸೇರಿಸಿ.